ಖಾಲಿ ಹಿನ್ನೆಲೆಯ ಮುಂದೆ ನಿಂತ ಹುಡುಗ

ಮಾತು ಶುರುಮಾಡುವ ಮೊದಲು, ಪರದೆಯ ಮೇಲಿರುವ ಈ ಹುಡುಗನನ್ನು ಒಂದು ನಿಮಿಷ ಸುಮ್ಮನೆ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕಪ್ಪು ಅಂಗಿ, ಅದರ ಮೇಲೆ ಸಾಲಾಗಿ ಹೊಳೆಯುವ ಗುಂಡಿಗಳು, ಕೆಂಪು ಷರಾಯಿ, ಹೆಗಲಿನಿಂದ ಓರೆಯಾಗಿ ಇಳಿದ ಬಿಳಿ ಪಟ್ಟಿ, ಸೊಂಟದ ಬಳಿ ಕೊಳಲು ಇಡುವ ಹಿತ್ತಾಳೆಯ ಕೊಳವೆ, ತಲೆಯ ಮೇಲೆ ಕುಚ್ಚಿನ ಟೊಪ್ಪಿಗೆ. ಎರಡೂ ಕೈಯಲ್ಲಿ ಕೊಳಲು ಹಿಡಿದು ತುಟಿಗಿಟ್ಟುಕೊಂಡಿದ್ದಾನೆ. ನೋಟ ನೇರ ನಮ್ಮ ಮೇಲಿದೆ. ಅವನ ಹಿಂದೆ ಗೋಡೆಯಿಲ್ಲ, ಮರವಿಲ್ಲ, ಆಕಾಶವಿಲ್ಲ. ನೆಲ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಆರಂಭವಾಯಿತು ಎಂದು ಹೇಳುವ ಒಂದು ಗೆರೆಯೂ ಇಲ್ಲ. ಬರೀ ಬೂದು ಬಣ್ಣ.

ಫ್ರಾನ್ಸಿನ ಎದುವಾರ್ ಮಾನೆ 1866ರಲ್ಲಿ ಬರೆದ ಚಿತ್ರ ಇದು. ಇಂಗ್ಲಿಷಿನಲ್ಲಿ ಇದನ್ನು ‘ದಿ ಫೈಫರ್’ ಎನ್ನುತ್ತಾರೆ; ಫೈಫ್ ಎಂದರೆ ಸೈನ್ಯದ ವಾದ್ಯಗಾರರು ಊದುವ ಸಣ್ಣ ಅಡ್ಡಕೊಳಲು. ಮೂಲಚಿತ್ರ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಸುಮಾರು 161 ಸೆಂಟಿಮೀಟರ್, ಅಗಲ 97. ಈ ಚಿತ್ರವನ್ನು ಅರ್ಧ ಅಳತೆಯಲ್ಲಿ ನಕಲು ಮಾಡುತ್ತಾ ನಾನು ತೈಲವರ್ಣವನ್ನು ಕಲಿತೆ. ಅದಕ್ಕೆ ಐದು ತಿಂಗಳು ಹಿಡಿಯಿತು. ಅದರ ಕಥೆಯನ್ನು ಹೇಳಲು ನನ್ನನ್ನು ಇಲ್ಲಿಗೆ ಕರೆದಿದ್ದೀರಿ.

ನಕಲು ಎಂದ ಕೂಡಲೇ ಕೆಲವರ ಮುಖ ಸಣ್ಣಗಾಗುತ್ತದೆ. ಪರೀಕ್ಷೆಯ ಕೋಣೆಯಿಂದ ಬಂದ ಕೆಟ್ಟ ಹೆಸರು ಆ ಪದಕ್ಕೆ ಅಂಟಿಕೊಂಡುಬಿಟ್ಟಿದೆ. ಚಿತ್ರಕಲೆಯಲ್ಲಿ ಮಾತ್ರ ನಕಲು ಎನ್ನುವುದು ಸಂಗೀತದ ಪಾಠದಂತೆ: ಗುರು ಹಾಡಿದ್ದನ್ನು ಶಿಷ್ಯ ಹಾಡುತ್ತಾನೆ, ಗುರು ಉಸಿರು ತೆಗೆದುಕೊಂಡ ಜಾಗದಲ್ಲಿ ತಾನೂ ಉಸಿರು ತೆಗೆದುಕೊಳ್ಳುತ್ತಾನೆ. ಮಾನೆಯೇ ಹೀಗೆ ಕಲಿತವನು. ತೋಮಾ ಕುತ್ಯೂರ್ ಎಂಬ ಗುರುವಿನ ಕೈಕೆಳಗೆ ಸುಮಾರು ಆರು ವರ್ಷ ಕಲಿಯುತ್ತಲೇ ಪ್ಯಾರಿಸ್ಸಿನ ದೊಡ್ಡ ವಸ್ತುಸಂಗ್ರಹಾಲಯವಾದ ಲೂವ್ರ್‌ನಲ್ಲಿ ಹಳೆಯ ಚಿತ್ರಗಳ ಮುಂದೆ, ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಇಟ್ಟುಕೊಂಡು ನಿಂತವನು. ಫ್ರಾನ್ಸಿನದೇ ಹಿರಿಯ ಚಿತ್ರಕಾರ ದೆಲಾಕ್ರಾನ ಚಿತ್ರವನ್ನು ನಕಲು ಮಾಡಿದ. ಇಟಲಿಗೆ ಹೋದಾಗ ಅಲ್ಲಿನ ಹಳೆಯ ಚಿತ್ರಕಾರ ಟಿಶಿಯನ್ ಬರೆದ ಉರ್ಬಿನೋದ ವೀನಸ್ ಚಿತ್ರವನ್ನು ನಕಲು ಮಾಡಿದ. ಮುಂದೆ 1863ರಲ್ಲಿ ‘ಒಲಿಂಪಿಯಾ’ ಬರೆದಾಗ, ಮಲಗಿದ ಹೆಣ್ಣಿನ ಆ ಹಳೆಯ ಭಂಗಿಯೇ ಹೊಸ ಚಿತ್ರದ ಬೆನ್ನೆಲುಬಾಯಿತು. ಆ ಚಿತ್ರ ಪ್ಯಾರಿಸ್ಸನ್ನು ಕೆರಳಿಸಿದ ಪರಿಯನ್ನು ನೋಡಿದರೆ, ನಕಲು ಮಾಡಿದವನಿಗೆ ಸ್ವಂತಿಕೆ ಉಳಿಯುವುದಿಲ್ಲ ಎಂಬ ಮಾತನ್ನು ಯಾರೂ ಆಡಲಾರರು.

ಲೂವ್ರ್‌ನಲ್ಲಿ ಇಂದಿಗೂ ಅನುಮತಿ ಪಡೆದ ನಕಲುಗಾರರು ಕುಳಿತು ಬರೆಯುತ್ತಾರೆ. ಅಲ್ಲಿ ಎರಡು ನಿಯಮಗಳಿವೆ. ನಕಲಿನ ಅಳತೆ ಮೂಲದ ಅಳತೆಯೇ ಆಗಿರಬಾರದು, ಐದನೇ ಒಂದು ಭಾಗದಷ್ಟಾದರೂ ಹೆಚ್ಚು ಕಡಿಮೆ ಇರಬೇಕು. ಮೂಲ ಕಲಾವಿದನ ಸಹಿಯನ್ನು ನಕಲು ಮಾಡಬಾರದು. ನಾನು ಕೆಲಸ ಮಾಡಿದ್ದು ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು, ನನ್ನ ಕೋಣೆಯಲ್ಲಿ. ಆದರೂ ಎರಡೂ ನಿಯಮಗಳನ್ನು ಪಾಲಿಸಿದೆ. ಕಲಿಕೆಗೂ ಕಳ್ಳತನಕ್ಕೂ ನಡುವೆ ಇರುವ ಗೆರೆಯನ್ನು ಅವು ಸ್ಪಷ್ಟವಾಗಿ ಎಳೆಯುತ್ತವೆ, ಆ ಗೆರೆಯ ಬಗ್ಗೆ ನನಗೆ ಗೌರವವಿದೆ.

ಇದೇ ಚಿತ್ರ ಏಕೆ ಎಂದು ಕೇಳುತ್ತೀರಿ. ನನಗೆ ತೈಲವರ್ಣ ಹೇಳಿಕೊಟ್ಟ ಗುರುಗಳು ಮೊದಲ ದಿನವೇ, “ನಾಲ್ಕು ಬಣ್ಣದಲ್ಲಿ ಮುಗಿಯುವ ಒಂದು ಚಿತ್ರ ಹುಡುಕಿಕೊಂಡು ಬಾರಮ್ಮ” ಎಂದು ಕಳುಹಿಸಿದ್ದರು. ಅಲ್ಲಿಯವರೆಗೆ ನಾನು ಪೆನ್ಸಿಲ್ ಮತ್ತು ಜಲವರ್ಣದಲ್ಲಿ ಕೈಯಾಡಿಸಿದ್ದೆ. ಬಣ್ಣದ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಟ್ಯೂಬ್‌ಗಳಿದ್ದರೆ ಇಪ್ಪತ್ತನಾಲ್ಕನ್ನೂ ಹಿಂಡುವುದು ನನ್ನ ಅಭ್ಯಾಸವಾಗಿತ್ತು. ನಾಲ್ಕು ಬಣ್ಣ ಎಂದರೆ ಬಿಳಿ, ಕಪ್ಪು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಮತ್ತು ಒಂದು ಕೆಂಪು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಬಣ್ಣದ ಕೂಟ ಇದು. ಅವನು ಬಳಸುತ್ತಿದ್ದ ಕೆಂಪು ವರ್ಮಿಲಿಯನ್, ನಮ್ಮ ಹಳಬರು ಇಂಗಳೀಕ ಎನ್ನುತ್ತಿದ್ದದ್ದು. ಅದು ಪಾದರಸದಿಂದ ತಯಾರಾಗುವ ಬಣ್ಣವಾದ್ದರಿಂದ ಈಗ ಬಹುಪಾಲು ಜನ ಅದರ ಜಾಗದಲ್ಲಿ ಕ್ಯಾಡ್ಮಿಯಂ ಕೆಂಪನ್ನು ಬಳಸುತ್ತಾರೆ.

ಚಿತ್ರಗಳ ಪುಸ್ತಕವನ್ನು ತಿರುವಿ ಹಾಕುತ್ತಿದ್ದಾಗ ಈ ಹುಡುಗ ಎದುರಾದ. ಕೆಂಪು ಷರಾಯಿ, ಕಪ್ಪು ಅಂಗಿ, ಬಿಳಿ ಪಟ್ಟಿ, ಮಣ್ಣಿನ ಹಳದಿಯಿಂದಲೇ ಬರಬಹುದಾದ ಹಿತ್ತಾಳೆ. ಬಣ್ಣ ಕಲಸುವ ಪ್ಯಾಲೆಟ್ಟೇ ಎದ್ದು ನಿಂತು ಕೊಳಲು ಊದುತ್ತಿರುವಂತೆ ಕಂಡಿತು! ಅಂಗಿಯಲ್ಲಿರುವ ನೀಲಿ ಛಾಯೆಗೆ ಏನು ಮಾಡಬೇಕು ಎಂಬ ಅನುಮಾನ ಮಾತ್ರ ಉಳಿಯಿತು. ಗುರುಗಳು ಏನೂ ಹೇಳದೆ ಐವರಿ ಬ್ಲ್ಯಾಕ್ ಎಂಬ ಕಪ್ಪಿಗೆ ಒಂದು ಚಿಟಿಕೆ ಬಿಳಿ ಬೆರೆಸಿ ಕೆಂಪಿನ ಪಕ್ಕದಲ್ಲಿ ಹಚ್ಚಿದರು. ನನ್ನ ಕಣ್ಣೆದುರೇ ಅದು ನೀಲಿಯಾಯಿತು. ಮೂಳೆ ಸುಟ್ಟು ಮಾಡುವ ಆ ಕಪ್ಪಿಗೆ ಬಿಳಿ ಸೇರಿದರೆ ತಣ್ಣನೆಯ ಬೂದು ಬರುತ್ತದೆ. ಬೆಚ್ಚನೆಯ ಬಣ್ಣದ ನೆರೆಯಲ್ಲಿ ಆ ಬೂದನ್ನು ಕಣ್ಣು ನೀಲಿ ಎಂದೇ ಓದುತ್ತದೆ. ಅದೇ ಕಪ್ಪಿಗೆ ಹಳದಿ ಬೆರೆಸಿದರೆ ಮಂಕು ಹಸಿರು. ಬಣ್ಣ ಟ್ಯೂಬ್‌ನಲ್ಲಿ ಇರುತ್ತದೆ ಎಂದು ಅಷ್ಟು ವರ್ಷ ನಂಬಿದ್ದ ನನಗೆ, ಅದು ಪಕ್ಕದ ಬಣ್ಣದ ಜೊತೆಗಿನ ಸಂಬಂಧದಲ್ಲಿ ಇರುತ್ತದೆ ಎಂದು ತಿಳಿದದ್ದು ಆ ಸಂಜೆ.

ಕ್ಯಾನ್ವಾಸ್ ಸಿದ್ಧಮಾಡುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. 80 × 48 ಸೆಂಟಿಮೀಟರಿನ ಚೌಕಟ್ಟಿಗೆ ಬಿಗಿದ ಬಟ್ಟೆ, ಅದರ ಮೇಲೆ ಜೆಸೊ ಎಂಬ ಬಿಳಿ ತಳಬಣ್ಣದ ಲೇಪನ, ಅದು ಒಣಗಿದ ಮೇಲೆ ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕರಗಿಸಿದ ಹಳದಿಯ ಒಂದು ಕೈ. ಬೆಳ್ಳಗಿನ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ, ಕಣ್ಣು ಮೋಸಹೋಗುತ್ತದೆ. ಅದನ್ನು ತಪ್ಪಿಸಲು ಈ ಮೊದಲ ಲೇಪನ. ಅದು ಪೂರ್ತಿ ಒಣಗಿದ ಮೇಲೆ ಚೌಕದ ಮನೆಗಳನ್ನು ಎಳೆದೆ. ಎತ್ತರಕ್ಕೆ ಹತ್ತು, ಅಗಲಕ್ಕೆ ಆರು, ಒಟ್ಟು ಅರವತ್ತು ಮನೆ, ಒಂದೊಂದೂ 8 ಸೆಂಟಿಮೀಟರ್. ಮುದ್ರಿತ ಪ್ರತಿಯ ಮೇಲೂ ಅಷ್ಟೇ ಮನೆಗಳು. ಒಂದು ಮನೆಯಲ್ಲಿ ಗೆರೆ ಎಲ್ಲಿ ಒಳಬಂದು ಎಲ್ಲಿ ಹೊರಹೋಗುತ್ತದೆ ಎಂಬುದನ್ನಷ್ಟೇ ನೋಡುತ್ತಾ ಹೋದರೆ, ಚಿತ್ರದ ಕೈಯನ್ನು ಕೈ ಎಂದು, ಕಾಲನ್ನು ಕಾಲು ಎಂದು ನಾವೇ ಊಹಿಸಿ ಕೆಡಿಸುವುದು ತಪ್ಪುತ್ತದೆ.

ಅರವತ್ತು ಮನೆಗಳಲ್ಲಿ ಸರಿಸುಮಾರು ಅರ್ಧದಷ್ಟು ಮನೆಗಳಲ್ಲಿ ಬೂದು ಬಣ್ಣ ಬಿಟ್ಟು ಏನೂ ಇರಲಿಲ್ಲ. ಆ ದಿನ ನನಗೆ ಸಂತೋಷವಾಗಿತ್ತು, ಅರ್ಧ ಕೆಲಸ ಉಳಿಯಿತಲ್ಲ ಎಂದು. ಕೊನೆಗೆ ಐದು ತಿಂಗಳಲ್ಲಿ ಎರಡು ತಿಂಗಳನ್ನು ತಿಂದದ್ದು ಆ ಖಾಲಿ ಮನೆಗಳೇ. ಅಲ್ಲಿಗೆ ಬರುತ್ತೇನೆ.

ಎಣ್ಣೆ ಬಣ್ಣದ ಸ್ವಭಾವದ ಬಗ್ಗೆ ಸ್ವಲ್ಪ ಹೇಳಲೇಬೇಕು. ಜಲವರ್ಣದಲ್ಲಿ ನೀರು ಆವಿಯಾಗಿ ಬಣ್ಣ ಒಣಗುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ತನ್ನೊಳಗೇ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಒಣಗುತ್ತದೆ. ಮ್ಯಾಂಗನೀಸ್ ಇರುವ ಅಂಬರ್ ಎಂಬ ಕಂದು ಬೇಗ ಒಣಗಿದರೆ ಐವರಿ ಬ್ಲ್ಯಾಕ್ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು ಇರಬೇಕು ಎಂಬ ಹಳೆಯ ನಿಯಮ ಹುಟ್ಟಿದ್ದೂ ಇದರಿಂದಲೇ. ಕೆಳಗೆ ಎಣ್ಣೆ ತುಂಬಿದ ಪದರ ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಗಟ್ಟಿಯಾಗಿಬಿಟ್ಟರೆ ಚಿತ್ರ ಬಿರುಕು ಬಿಡುತ್ತದೆ. ನಾನು ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ ಬಳಸಿದೆ, ಆಮೇಲೆ ಟ್ಯೂಬ್‌ನ ಬಣ್ಣವನ್ನು ಹಾಗೆಯೇ ಹಚ್ಚಿದೆ, ಕೊನೆಯ ಪದರಕ್ಕೆ ಕೆಲವೇ ಹನಿ ಅಗಸೆ ಎಣ್ಣೆ ಸೇರಿಸಿದೆ.

ಈ ಆಮ್ಲಜನಕದ ವಿಷಯಕ್ಕೆ ಇನ್ನೊಂದು ಮುಖವಿದೆ, ಇಲ್ಲಿ ಹೊಸದಾಗಿ ಕಲಿಯುವವರು ಇದ್ದರೆ ದಯವಿಟ್ಟು ಗಮನವಿಟ್ಟು ಕೇಳಿ. ಅಗಸೆ ಎಣ್ಣೆ ಗಾಳಿಯ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ. ಕುಂಚ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ, ಯಾರೂ ಬೆಂಕಿ ಹಚ್ಚದೆಯೇ, ಬಟ್ಟೆ ಹೊತ್ತಿಕೊಳ್ಳಬಹುದು. ಒರೆಸಿದ ಬಟ್ಟೆಯನ್ನು ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ಕಿಟಕಿ ತೆರೆದಿಡಿ, ಟರ್ಪೆಂಟೈನ್ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ಕೆಂಪು ಷರಾಯಿಗೆ ಬರೋಣ. ಮೊದಲು ಅದನ್ನೇ ಕೈಗೆತ್ತಿಕೊಂಡೆ, ಏಕೆಂದರೆ ಅದು ಸುಲಭವೆಂದು ಕಂಡಿತು. ಬಟ್ಟೆಯ ಮಡಿಕೆ ಬರೆಯುವುದು ನನಗೆ ಪೆನ್ಸಿಲ್‌ನಿಂದ ಚೆನ್ನಾಗಿ ಬರುತ್ತಿತ್ತು. ಪ್ಯಾಲೆಟ್ ಮೇಲೆ ಕೆಂಪಿನ ಏಳು ಮೆಟ್ಟಿಲುಗಳನ್ನು ಕಲಸಿಟ್ಟುಕೊಂಡೆ, ತೀರ ಗಾಢದಿಂದ ತೀರ ತಿಳಿಯವರೆಗೆ. ಒಂದು ವಾರ ಶ್ರದ್ಧೆಯಿಂದ ಮಡಿಕೆಗಳನ್ನು ಉಬ್ಬಿಸಿದೆ, ತಗ್ಗಿಸಿದೆ, ಒಂದರೊಳಗೊಂದು ಬೆರೆಯುವಂತೆ ಮೆತ್ತಗೆ ಕುಂಚವಾಡಿಸಿದೆ. ದೂರ ನಿಂತು ನೋಡಿದಾಗ ಆ ಕಾಲುಗಳು ಗಾಳಿ ತುಂಬಿದ ಚೀಲದಂತಿದ್ದವು. ಕೆಂಪು ಎಲ್ಲಿಯೂ ಕೆಂಪಾಗಿ ಉಳಿದಿರಲಿಲ್ಲ. ಬಿಳಿ ಸೇರಿದ ಕಡೆ ಗುಲಾಬಿ, ಕಪ್ಪು ಸೇರಿದ ಕಡೆ ಕೆಸರು.

ಗುರುಗಳು ಬಂದು ನೋಡಿ, “ಕಣ್ಣು ಅರೆಮುಚ್ಚಿ ಆ ಚಿತ್ರವನ್ನು ನೋಡು, ಎಷ್ಟು ಕೆಂಪು ಕಾಣುತ್ತವೆ ಹೇಳು” ಎಂದರು. ಕಣ್ಣು ಕಿರಿದುಮಾಡಿ ನೋಡಿದೆ. ಎರಡು. ಬಹಳವೆಂದರೆ ಎರಡೂವರೆ. ಇಡೀ ಷರಾಯಿ ಒಂದೇ ಕೆಂಪು, ಕೆಲವು ಕಡೆ ಅದಕ್ಕಿಂತ ಸ್ವಲ್ಪ ಗಾಢವಾದದ್ದು, ಅಲ್ಲಲ್ಲಿ ಮಡಿಕೆಗಾಗಿ ಎಳೆದ ಕೆಲವೇ ದಟ್ಟ ಗೀಟುಗಳು. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿದಾಗ ಮತ್ತೂ ಸ್ಪಷ್ಟವಾಯಿತು. ಅಂಗಿ ಒಂದು ಕಪ್ಪು ತುಂಡು, ಪಟ್ಟಿ ಒಂದು ಬಿಳಿ ತುಂಡು, ಷರಾಯಿ ನಡುವಿನ ಒಂದು ಬೂದು ತುಂಡು. ಆ ತುಂಡುಗಳ ಒಳಗೆ ನೆರಳು ಬೆಳಕಿನ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ.

ಇದು ಮಾನೆಯ ಅಜಾಗರೂಕತೆಯಿಂದ ಆದದ್ದಲ್ಲ. ಅಂದಿನ ಕಲಾಶಾಲೆಗಳು ಗಾಢ ನೆರಳಿನಿಂದ ಬೆಳಕಿನವರೆಗೆ ನಡುವಿನ ಛಾಯೆಗಳ ಮೂಲಕ ನಯವಾಗಿ ಇಳಿಯುವುದನ್ನು ಕಲಿಸುತ್ತಿದ್ದವು. ಮಾನೆ ಆ ನಡುವಿನ ಮೆಟ್ಟಿಲುಗಳನ್ನೇ ತೆಗೆದುಹಾಕಿದ. ಹುಡುಗನ ಮೇಲೆ ಬೆಳಕು ಎದುರಿನಿಂದ, ನೇರವಾಗಿ ಬೀಳುತ್ತದೆ. ಹಾಗೆ ಬಿದ್ದಾಗ ನೆರಳು ದೇಹದ ಅಂಚಿಗೆ ಸರಿದು ತೆಳುವಾಗುತ್ತದೆ, ಬಣ್ಣಗಳು ಅಗಲವಾದ ಹಾಳೆಗಳಂತೆ ನಿಲ್ಲುತ್ತವೆ. ಜಪಾನಿನ ಮರದಚ್ಚಿನ ಚಿತ್ರಗಳು ಆ ವೇಳೆಗೆ ಪ್ಯಾರಿಸ್ಸಿನ ಕಲಾವಿದರ ಕೈಸೇರಿದ್ದವು, ಅವುಗಳ ಚಪ್ಪಟೆ ಬಣ್ಣದ ಗುಣವೂ ಇಲ್ಲಿ ಕಾಣುತ್ತದೆ. ಸಲೋನ್ ಎಂಬ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನದ 1866ರ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಆಗ ಇನ್ನೂ ಯುವ ಪತ್ರಕರ್ತನಾಗಿದ್ದ ಎಮಿಲ್ ಜೋಲಾ ಮಾನೆಯ ಪರವಾಗಿ ಪತ್ರಿಕೆಯಲ್ಲಿ ಬರೆದ. ಮರುವರ್ಷ ಮಾನೆ ಸ್ವಂತ ಖರ್ಚಿನಲ್ಲಿ ಪ್ಯಾರಿಸ್ಸಿನ ಅಲ್ಮಾ ಸೇತುವೆಯ ಬಳಿ ಮಂಟಪ ಕಟ್ಟಿಸಿ, ಇದನ್ನೂ ಸೇರಿಸಿ ಸುಮಾರು ಐವತ್ತು ಚಿತ್ರಗಳನ್ನು ತೋರಿಸಿದ.

ನಾನು ಒಂದು ವಾರದ ಕೆಲಸವನ್ನು ಪ್ಯಾಲೆಟ್ ಚಾಕುವಿನಿಂದ ಕೆರೆದು ತೆಗೆದೆ. ಮತ್ತೆ ಒಂದೇ ಕೆಂಪನ್ನು ಧಾರಾಳವಾಗಿ ಕಲಸಿ, ಅಗಲವಾದ ಚಪ್ಪಟೆ ಕುಂಚದಿಂದ ಎರಡು ಕಾಲುಗಳನ್ನೂ ಒಂದೇ ಸಂಜೆಯಲ್ಲಿ ತುಂಬಿದೆ. ಮಡಿಕೆಗೆ ಎಂಟೋ ಒಂಬತ್ತೋ ಗೀಟು. ಪ್ರತಿ ಗೀಟಿಗೂ ಮೊದಲು ಕುಂಚವನ್ನು ಒರೆಸಿ, ಹೊಸ ಬಣ್ಣ ತೆಗೆದುಕೊಂಡು, ಒಂದು ಸಲ ಇಟ್ಟ ಮೇಲೆ ಮತ್ತೆ ಮುಟ್ಟದೆ. ‘ಮತ್ತೆ ಮುಟ್ಟದೆ’ ಎನ್ನುವುದು ಹೇಳುವಷ್ಟು ಹಗುರವಲ್ಲ. ತಿದ್ದಬೇಕೆಂದು ಬೆರಳು ತುಡಿಯುತ್ತದೆ.

ಆ ಷರಾಯಿಯಲ್ಲಿ ಒಂದು ಜಾಗವನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ಕಾಲಿನ ಹೊರಬದಿಯಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಕಪ್ಪು ಪಟ್ಟೆ ನೋಡಿ. ಸಮವಸ್ತ್ರದ ಹೊಲಿಗೆಯ ಪಟ್ಟೆ ಅದು, ಬಟ್ಟೆಯ ಭಾಗ. ಅದೇ ಪಟ್ಟೆ ಕಾಲಿನ ಹೊರಗೆರೆಯ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಅದು ಒಂದೇ ಅಗಲದಲ್ಲಿ ಇಳಿಯುವುದಿಲ್ಲ. ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಸಣ್ಣದಾಗಿ, ಕಾಲು ಹೊರಳಿದ ಕಡೆ ತಾನೂ ಹೊರಳುತ್ತದೆ. ದುಂಡನೆಯ ಕಾಲು ಎಂದು ಕಾಣಿಸಲು ನಾನು ಏಳು ಕೆಂಪುಗಳಿಂದ ಹೆಣಗಾಡಿದ್ದೆ. ಮಾನೆ ಅದನ್ನು ಈ ಪಟ್ಟೆಯ ಅಗಲವನ್ನು ಬದಲಿಸುತ್ತಾ ಸಾಧಿಸಿದ್ದಾನೆ. ಸಾವಿರ ಸಲ ನೋಡಿದ್ದರೂ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಪಟ್ಟೆಯನ್ನು ಮೊದಲ ಸಲ ಒಂದೇ ಅಗಲದಲ್ಲಿ ಎಳೆದು, ಕಾಲು ಹಲಗೆಯಂತಾದಾಗ ಮಾತ್ರ ಕಂಡಿತು. ನಕಲು ಮಾಡುವುದರ ಪ್ರಯೋಜನ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಪಟ್ಟೆಯನ್ನು ತೋರಿಸುತ್ತೇನೆ.

ಮುಖದ ವಿಷಯ. ಈ ಮುಖ ಯಾರದು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಚಕ್ರವರ್ತಿಯ ಕಾವಲು ಪಡೆಯ ವಾದ್ಯಗಾರ ಹುಡುಗನೊಬ್ಬನನ್ನು ಮಾನೆಯ ಮುಂದೆ ನಿಲ್ಲಿಸಲಾಗಿತ್ತು ಎನ್ನುತ್ತಾರೆ. ಆದರೆ ಮುಖದಲ್ಲಿ ಮಾನೆಯ ಮನೆಯಲ್ಲಿ ಬೆಳೆದ ಹುಡುಗ ಲಿಯೋನ್‌ನ ಹೋಲಿಕೆ ಇದೆ ಎಂದು ಕೆಲವರು, ‘ಒಲಿಂಪಿಯಾ’ಗೆ ರೂಪದರ್ಶಿಯಾಗಿದ್ದ ವಿಕ್ಟೋರಿನ್ ಮ್ಯೂರಾನ್‌ಳ ಹೋಲಿಕೆ ಇದೆ ಎಂದು ಇನ್ನು ಕೆಲವರು. ನನಗೆ ಮಾತ್ರ ಅದು ಮೂರು ಸಲ ಬರೆದು ಮೂರು ಸಲ ಕೆರೆದು ತೆಗೆದ ಮುಖ. ಕಣ್ಣುಗಳನ್ನು ಬರೆದು, ಹುಬ್ಬು ಬರೆದು, ಮೂಗು ಬರೆದು ಕೂಡಿಸಿದರೆ ಮುಖವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೊದಲು ಹಣೆ, ಕೆನ್ನೆ, ಗಲ್ಲ ಎಲ್ಲ ಸೇರಿದ ಒಂದೇ ತಿಳಿಯಾದ ಆಕಾರವನ್ನು ಇಟ್ಟು, ಅದು ಹಸಿಯಾಗಿರುವಾಗಲೇ ಅದರೊಳಗೆ ಕಣ್ಣುಗಳ ಎರಡು ಗಾಢ ಗುರುತುಗಳನ್ನು ಒತ್ತಬೇಕಿತ್ತು.

ಕೆರೆಯುವ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಮಾನೆಯದೇ ಒಂದು ಪ್ರಸಂಗ. ತನ್ನ ಶಿಷ್ಯೆ ಎವಾ ಗೊನ್ಸಾಲೆಸ್‌ಳ ಭಾವಚಿತ್ರವನ್ನು ಅವನು ಬರೆಯುತ್ತಿದ್ದಾಗ, ನಲವತ್ತು ಸಲ ಕುಳಿತರೂ ಮತ್ತೆ ತಲೆಯ ಭಾಗವನ್ನು ಅಳಿಸಿಹಾಕಿದ್ದಾನೆ ಎಂದು ಚಿತ್ರಕಾರ್ತಿ ಬೆರ್ತ್ ಮೊರಿಸೊ ಪತ್ರದಲ್ಲಿ ಬರೆದಿದ್ದಾಳೆ. ಒಂದೇ ಉಸಿರಿನಲ್ಲಿ ಬರೆದಂತೆ ಕಾಣುವ ಮುಖದ ಹಿಂದೆ ಅಳಿಸಿದ ಎಷ್ಟೋ ಮುಖಗಳಿರುತ್ತವೆ. ಅವನು ಹಳೆಯದರ ಮೇಲೆ ತೇಪೆ ಹಾಕುತ್ತಿರಲಿಲ್ಲ, ತೆಗೆದುಹಾಕಿ ಹೊಸದಾಗಿ ಶುರುಮಾಡುತ್ತಿದ್ದ. ಆದ್ದರಿಂದಲೇ ಆ ತಾಜಾತನ.

ಬೆರಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳಲಿನ ಮೇಲಿನ ಬೆರಳುಗಳನ್ನು ಚಿತ್ರವನ್ನು ತಲೆಕೆಳಗಾಗಿಸಿಟ್ಟುಕೊಂಡು ಬರೆದೆ, ಬೆರಳು ಎಂಬ ಯೋಚನೆ ಮನಸ್ಸಿಗೆ ಬರದಂತೆ.

ಈಗ ಆ ಖಾಲಿ ಮನೆಗಳು. ಹುಡುಗನನ್ನು ಪೂರ್ತಿ ಮುಗಿಸಿ, ಒಣಗಲು ಬಿಟ್ಟು, ಆಮೇಲೆ ಸುತ್ತಲೂ ಬೂದು ತುಂಬಿದೆ. ಗೋಡೆಗೆ ಬಣ್ಣ ಬಳಿಯುವವರು ಕಿಟಕಿಯ ಚೌಕಟ್ಟಿನ ಪಕ್ಕದಲ್ಲಿ ಎಚ್ಚರದಿಂದ ಕುಂಚ ಎಳೆಯುತ್ತಾರಲ್ಲ, ಹಾಗೆ ಹೊರಗೆರೆಯ ಉದ್ದಕ್ಕೂ ಸಣ್ಣ ಕುಂಚದಿಂದ ಎಳೆದು, ಉಳಿದದ್ದನ್ನು ದೊಡ್ಡ ಕುಂಚದಿಂದ ತುಂಬಿಸಿದೆ. ಎರಡು ಸಂಜೆಯಲ್ಲಿ ಮುಗಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಹುಡುಗ ಕತ್ತರಿಯಿಂದ ಕತ್ತರಿಸಿ ಬೂದು ಕಾಗದದ ಮೇಲೆ ಅಂಟಿಸಿದ ಬೊಂಬೆಯಾಗಿದ್ದ. ಮೂಲದಲ್ಲೂ ಹಿನ್ನೆಲೆ ಖಾಲಿ, ನನ್ನದರಲ್ಲೂ ಖಾಲಿ. ಅಲ್ಲಿ ಅವನು ಉಸಿರಾಡುತ್ತಿದ್ದ, ಇಲ್ಲಿ ಅಂಟಿಕೊಂಡಿದ್ದ.

ಈ ಖಾಲಿತನವನ್ನು ಮಾನೆ ಎಲ್ಲಿಂದ ತಂದ ಎಂಬುದು ಗೊತ್ತಿರುವ ಸಂಗತಿ. 1865ರಲ್ಲಿ ಅವನು ಸ್ಪೇನಿಗೆ ಹೋದ. ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿ, ಸ್ಪೇನಿನ ಹಳೆಯ ಚಿತ್ರಕಾರ ವೆಲಾಸ್ಕೆಸ್ ಬರೆದ ಪಾಬ್ಲೊ ದೆ ವಯದೊಲಿದ್‌ನ ಚಿತ್ರದ ಮುಂದೆ ನಿಂತ. ಕಪ್ಪು ಉಡುಪಿನ ಆ ಆಸ್ಥಾನದ ನಟ ಏನೂ ಇಲ್ಲದ ಹಿನ್ನೆಲೆಯ ಮುಂದೆ ಕಾಲು ಅಗಲಿಸಿ ನಿಂತಿದ್ದಾನೆ, ನೆಲಕ್ಕೂ ಗೋಡೆಗೂ ನಡುವೆ ಗೆರೆಯಿಲ್ಲ. ಅಲ್ಲಿ ಹಿನ್ನೆಲೆ ಮಾಯವಾಗಿದೆ, ಆ ಮನುಷ್ಯನನ್ನು ಸುತ್ತುವರಿದಿರುವುದು ಗಾಳಿ ಎಂಬ ಅರ್ಥ ಬರುವಂತೆ ಮಾನೆ ತನ್ನ ಚಿತ್ರಕಾರ ಗೆಳೆಯ ಫಾಂತಾ ಲತೂರ್‌ಗೆ ಪತ್ರ ಬರೆದ. ಮರುವರ್ಷವೇ ಈ ಹುಡುಗ ಹುಟ್ಟಿದ. ನನಗೆ ಬೇಕಾಗಿದ್ದ ಸುಳಿವು ಆ ಪತ್ರದಲ್ಲೇ ಇತ್ತು. ನಾನು ಬೂದು ಬಣ್ಣ ಬಳಿದಿದ್ದೆ, ಬರೆಯಬೇಕಾಗಿದ್ದದ್ದು ಗಾಳಿಯನ್ನು.

ಗಾಳಿಯನ್ನು ಬರೆಯುವುದು ಹೇಗೆ? ದೊಡ್ಡ ಮಾತಿನಂತೆ ಕೇಳಿಸುತ್ತದೆ, ಆದರೆ ಕೆಲಸ ಬಹಳ ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಮೊದಲು, ಹೊರಗೆರೆಯ ಉದ್ದಕ್ಕೂ ಬಣ್ಣ ಒಡ್ಡಿನಂತೆ ಎದ್ದು ನಿಂತಿತ್ತು, ಅದನ್ನು ಚಾಕುವಿನಿಂದ ಸವರಿ ತೆಗೆದೆ. ಒಣಗಿದ ಭಾಗಕ್ಕೆ ಅಗಸೆ ಎಣ್ಣೆಯನ್ನು ತೀರ ತೆಳುವಾಗಿ ಸವರಿ ಒರೆಸಿದೆ. ಹಾಗೆ ಮಾಡಿದರೆ ಮಂಕಾಗಿ ಒಳಗೆ ಇಂಗಿಹೋದ ಬಣ್ಣ ಮತ್ತೆ ತನ್ನ ನಿಜವಾದ ಗಾಢತೆಗೆ ಬರುತ್ತದೆ, ಹೊಸ ಬಣ್ಣವೂ ಹಿಡಿಯುತ್ತದೆ. ಆಮೇಲೆ ಅಂಗಿಯ ಅಂಚಿನ ಕಪ್ಪನ್ನೂ ಹಿನ್ನೆಲೆಯ ಬೂದನ್ನೂ ಒಂದೇ ಸಲ, ಎರಡೂ ಹಸಿಯಾಗಿರುವಾಗ ಹಚ್ಚಿದೆ. ಬೂದಿನ ಕುಂಚ ಕೆಲವು ಕಡೆ ಕಪ್ಪಿನೊಳಗೆ ಕೂದಲೆಳೆಯಷ್ಟು ನುಗ್ಗಿತು, ಕೆಲವು ಕಡೆ ಕಪ್ಪೇ ಹೊರಗೆ ಸರಿಯಿತು. ಭುಜದ ಅಂಚು ಗಡುಸಾಗಿ ನಿಂತಿತು, ತೋಳಿನ ಕೆಳಭಾಗದ ಅಂಚು ಮೆತ್ತಗಾಯಿತು. ಕುಂಚವನ್ನು ಹೊರಗೆರೆಯ ಉದ್ದಕ್ಕೆ ಎಳೆಯುವುದನ್ನು ಬಿಟ್ಟು ಅದಕ್ಕೆ ಅಡ್ಡಲಾಗಿ ಎಳೆದೆ, ಬಣ್ಣ ಹುಡುಗನ ಹಿಂದೆ ಹೋಗಿ ಇನ್ನೊಂದು ಕಡೆಯಿಂದ ಹೊರಬರುತ್ತದೆ ಎನ್ನುವಂತೆ.

ಬೂದು ಕೂಡ ಒಂದು ಬೂದಲ್ಲ. ಬಿಳಿಗೆ ಕಪ್ಪು ಬೆರೆಸಿದ ನನ್ನ ಮೊದಲ ಬೂದು ಸಿಮೆಂಟಿನಂತೆ ತಣ್ಣಗಿತ್ತು. ಅದಕ್ಕೆ ಹಳದಿ ಸೇರಿತು, ಅಕ್ಕಿಕಾಳಿನಷ್ಟು ಕೆಂಪೂ ಸೇರಿತು. ಹುಡುಗನಲ್ಲಿರುವ ನಾಲ್ಕೂ ಬಣ್ಣಗಳು ಅವನ ಸುತ್ತಲಿನ ಗಾಳಿಯಲ್ಲೂ ಇವೆ ಎಂದಾಯಿತು. ಅಲ್ಲಿಂದ ಮೇಲೆ ಅವನು ಆ ಬೂದಿನೊಳಗೆ ಸೇರಿಕೊಂಡ. ನನ್ನ ಮಟ್ಟಿಗೆ ಇಡೀ ಐದು ತಿಂಗಳ ಅತ್ಯಂತ ಸುಖದ ಗಳಿಗೆ ಅದು.

ಇನ್ನೂ ಒಂದು ಉಳಿದಿದೆ. ಹುಡುಗನ ಪಾದದ ಬಳಿ ನೋಡಿ, ಸಣ್ಣದೊಂದು ನೆರಳು. ನಿಮ್ಮ ಹೆಬ್ಬೆರಳನ್ನು ಕಣ್ಣಿನ ಮುಂದೆ ಹಿಡಿದು ಆ ನೆರಳನ್ನು ಮರೆಮಾಡಿ ನೋಡಿ. ಅವನು ತೇಲತೊಡಗುತ್ತಾನೆ, ಅಲ್ಲವೇ? ಬೆರಳು ತೆಗೆಯಿರಿ. ಮತ್ತೆ ನೆಲಕ್ಕೆ ಇಳಿಯುತ್ತಾನೆ. ಇಡೀ ಚಿತ್ರದಲ್ಲಿ ನೆಲ ಇದೆ ಎಂದು ನಂಬಿಸುವ ಹೊಣೆ ಬಹುಪಾಲು ಅಷ್ಟು ಜಾಗದ ಮೇಲಿದೆ. ನನ್ನ ಕ್ಯಾನ್ವಾಸಿನ ಮೇಲೆ ಅದು ಎರಡು ಬೆರಳಗಲ ಕೂಡ ಬರಲಿಲ್ಲ. ಅದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಹೆಚ್ಚು ಗಾಢವಾದರೆ ಪಾದದ ಕೆಳಗೆ ಗುಂಡಿ ತೋಡಿದಂತಾಗುತ್ತಿತ್ತು, ತಿಳಿಯಾದರೆ ಕೊಳೆಯ ಗುರುತಿನಂತೆ ಕಾಣುತ್ತಿತ್ತು.

ಮುದ್ರಿತ ಪ್ರತಿಯ ಬಣ್ಣವನ್ನು ನಂಬಬಹುದೇ ಎಂದು ಕಳೆದ ಸಲ ಒಬ್ಬರು ಕೇಳಿದ್ದರು. ಪೂರ್ತಿಯಾಗಿ ನಂಬಲಾಗದು. ಎರಡು ಪುಸ್ತಕಗಳಲ್ಲಿ ಈ ಹುಡುಗನ ಹಿನ್ನೆಲೆ ಎರಡು ಬಣ್ಣದಲ್ಲಿದೆ, ಒಂದರಲ್ಲಿ ಹಸಿರು ಸುಳಿವು, ಇನ್ನೊಂದರಲ್ಲಿ ಕಂದು. ಬಣ್ಣದ ದಪ್ಪ, ಕುಂಚದ ಗುರುತು, ಎಲ್ಲಿ ಹೊಳಪು ಎಲ್ಲಿ ಮಂಕು, ಇವೆಲ್ಲ ಮುದ್ರಣದಲ್ಲಿ ಕಳೆದುಹೋಗುತ್ತವೆ. ಆದರೆ ಚಿತ್ರಕಾರ ವ್ಯಾನ್ ಗೋ ಫ್ರಾನ್ಸಿನ ಸಾಂ ರೆಮಿ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಗ, 1889ರ ಶರತ್ಕಾಲದಿಂದ ಮರುವರ್ಷದ ವಸಂತದವರೆಗೆ, ಫ್ರಾನ್ಸಿನ ಚಿತ್ರಕಾರ ಮಿಲೆ ಬರೆದ ರೈತರ ಚಿತ್ರಗಳನ್ನು ಬಣ್ಣವೇ ಇಲ್ಲದ ಕಪ್ಪುಬಿಳುಪು ಮುದ್ರಣಗಳಿಂದ ತೈಲವರ್ಣಕ್ಕೆ ತಂದ. ಸಂಗೀತಗಾರ ಬೀಥೋವನ್‌ನ ಕೃತಿಯನ್ನು ನುಡಿಸುವಾಗ ತನ್ನದೇ ವ್ಯಾಖ್ಯಾನ ಸೇರಿಸುತ್ತಾನಲ್ಲ, ಇದೂ ಹಾಗೆಯೇ ಎಂಬ ಅರ್ಥದಲ್ಲಿ ತಮ್ಮ ತೇಯೋಗೆ ಪತ್ರ ಬರೆದ. ಮುದ್ರಣದಲ್ಲಿ ಉಳಿಯುವುದು ಆಕಾರ, ಅಳತೆ, ಬೆಳಕಿನ ಹಂಚಿಕೆ. ಕಲಿಯಲು ಅದೇ ಬೇಕಾದಷ್ಟಿದೆ. ಹತ್ತಿರದಲ್ಲಿ ಮೂಲಚಿತ್ರ ಯಾವುದಾದರೂ ಸಿಗುವುದಾದರೆ ಮಾತ್ರ ದಯವಿಟ್ಟು ಹೋಗಿ, ಓರೆಯಾಗಿ ನಿಂತು, ಬಣ್ಣದ ಮೈಯನ್ನು ನೋಡಿ.

ಕೊನೆಯದಾಗಿ, ಅಲ್ಲಿಂದ ಮುಂದೆ ಏನಾಯಿತು ಎಂಬುದನ್ನು ಹೇಳುತ್ತೇನೆ. ನಕಲು ಮುಗಿದ ಮೇಲೆ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕು, ಬಣ್ಣ ಒಳಗೂ ಒಣಗುವವರೆಗೆ. ಆ ಹುಡುಗ ಗೋಡೆಗೆ ಒರಗಿ ಕಾಯುತ್ತಿದ್ದಾನೆ. ಅವನ ಎದುರಿಗೆ ಈಗ ನನ್ನ ಸ್ವಂತ ಚಿತ್ರವೊಂದು ಈಸೆಲ್ ಮೇಲಿದೆ: ಕುರ್ಚಿಯಲ್ಲಿ ಕುಳಿತು ಓದುತ್ತಿರುವ ನನ್ನ ತಂಗಿ. ನಿಜದಲ್ಲಿ ಅವಳ ಹಿಂದೆ ಕಿಟಕಿ ಇದೆ, ಪುಸ್ತಕದ ಕಪಾಟಿದೆ, ಕ್ಯಾಲೆಂಡರ್ ಇದೆ. ಹಿಂದಿನ ನಾನಾಗಿದ್ದರೆ ಕಪಾಟಿನ ಒಂದೊಂದು ಪುಸ್ತಕದ ಬೆನ್ನನ್ನೂ ಬರೆಯುತ್ತಿದ್ದೆ. ಮೊನ್ನೆ ಅವಳು ಎದ್ದು ಬಂದು ಕ್ಯಾನ್ವಾಸ್ ನೋಡಿ, “ಅಕ್ಕಾ, ನನ್ನ ಹಿಂದೆ ಏನೂ ಇಲ್ಲವಲ್ಲ?” ಎಂದು ಕೇಳಿದಳು. ಹಿಂದೆ ಮೂರು ವಾರದ ಕೆಲಸವಿದೆ ಎಂದು ಹೇಳಿದೆ. ಅವಳು ಮತ್ತೆ ಹೋಗಿ ಕುಳಿತಳು. ಕುರ್ಚಿಯ ಮೂರು ಕಾಲುಗಳ ಕೆಳಗೆ ನೆರಳು ಬಿದ್ದಾಗಿದೆ. ನಾಲ್ಕನೆಯದನ್ನು ನಾಳೆ ಬೆಳಗಿನ ಬೆಳಕಿನಲ್ಲಿ ನೋಡಿ ಬರೆಯಬೇಕು.